ಹಿಂದಿನ ಸೀಟಿನ ಬೆಲ್ಟು ಯಾವುದನ್ನು ಹಿಡಿದುಕೊಂಡಿದೆ? ಹಳೆಯ ಜೀಪಿನ ಮಾರ್ಪಾಡಿನ ಬಗ್ಗೆ ಸಲಹೆ ಬೇಕಾಗಿದೆ

ಔಂಧ್‌ವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. 2021ರಲ್ಲಿ ನಾನು ಪಿಂಪ್ರಿಯ ಒಬ್ಬರಿಂದ 2013ರ ಮಾದರಿಯ, ಬಟ್ಟೆಯ ಟಪವಿರುವ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡೆ. ಹೊಸದಿದ್ದಾಗ ಅದರ ಹಿಂಭಾಗದಲ್ಲಿ ಎದುರುಬದುರಾಗಿ ಕೂರುವ ಎರಡು ಬೆಂಚುಗಳಿದ್ದವಂತೆ. ಹಿಂದಿನ ಮಾಲೀಕರು ಅವನ್ನು ತೆಗೆಸಿ, ಯಾವುದೋ ಸಣ್ಣ ಕಾರಿನ ಹಿಂದಿನ ಸೀಟನ್ನು ತಂದು ಮುಂದಕ್ಕೆ ಮುಖವಾಗಿ ಕೂರಿಸಿ, ಎರಡೂ ಬದಿಗೆ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟು ಹಾಕಿಸಿದ್ದರು. ಆ ಬೆಲ್ಟುಗಳನ್ನು ನೋಡಿಯೇ ನಾನು ಈ ಗಾಡಿಯನ್ನು ಆರಿಸಿಕೊಂಡೆ. ನಾಲ್ಕು ವರ್ಷಗಳಿಂದ ಪ್ರತಿ ದೀಪಾವಳಿಗೆ ಕಾತ್ರಜ್, ಖಂಬಾಟ್ಕಿ ಘಾಟುಗಳನ್ನು ದಾಟಿ ಧಾರವಾಡಕ್ಕೆ ಹೋಗುವಾಗ ನನ್ನ 9 ವರ್ಷದ ಮಗ ಮತ್ತು 68 ವರ್ಷದ ಅವ್ವ ಆ ಹಿಂದಿನ ಸೀಟಿನಲ್ಲಿ, ಆ ಬೆಲ್ಟುಗಳನ್ನೇ ಕಟ್ಟಿಕೊಂಡು ಕುಳಿತಿದ್ದಾರೆ.

ಕಳೆದ ತಿಂಗಳು ತಾಮ್ಹಿಣಿ ಘಾಟಿನ ಮಳೆಯಲ್ಲಿ ಸುತ್ತಾಡಿ ಬಂದ ಮೇಲೆ ಹಿಂದಿನ ಮ್ಯಾಟಿನ ಕೆಳಗೆ ನೀರು ನಿಂತಿತ್ತು. ಒಣಗಿಸಲೆಂದು ಮ್ಯಾಟನ್ನು ಪೂರ್ತಿ ಕಿತ್ತು ತೆಗೆದಾಗ, ಬೆಲ್ಟಿನ ಕೆಳತುದಿಯನ್ನು ಹಿಡಿದಿರುವ ಬೋಲ್ಟುಗಳನ್ನು ಮೊದಲ ಬಾರಿಗೆ ಕಣ್ಣಾರೆ ನೋಡಿದೆ. ನಾಲ್ಕು ಬೋಲ್ಟುಗಳೂ ನೇರವಾಗಿ ನೆಲದ ತಗಡಿನಲ್ಲಿ ತೂತು ಕೊರೆದು ಹಾಕಿದವು. ಗಾಡಿಯ ಕೆಳಗೆ ಮಲಗಿ ನೋಡಿದರೆ ಪ್ರತಿಯೊಂದರ ಹಿಂದೆಯೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ದುಂಡು ವಾಶರ್ ಒಂದು, ನಟ್ ಒಂದು, ಅಷ್ಟೇ. ವರ್ನಿಯರ್‌ನಿಂದ ಅಳೆದಾಗ ತಗಡು 1 ಮಿಲಿಮೀಟರಿನ ಆಸುಪಾಸಿನಲ್ಲಿತ್ತು. ಮಗ ಕೂರುವ ಎಡಬದಿಯ ಬೋಲ್ಟಿನ ಸುತ್ತ ತಗಡು ಮೇಲಕ್ಕೆ ಉಬ್ಬಿ, ಮೂರು ಕಡೆ ಕೂದಲೆಳೆಯಂಥ ಬಿರುಕು ಬಿಟ್ಟು, ಬಿರುಕಿನೊಳಗೆ ತುಕ್ಕು ಕೂತಿದೆ. ಇಷ್ಟಕ್ಕೂ ಈ ಗಾಡಿ ಅಪಘಾತಕ್ಕೆ ಸಿಕ್ಕಿದ್ದಲ್ಲ. ಕಲ್ಲುದಾರಿಯ ಕುಲುಕಾಟದಲ್ಲಿ ದೇಹ ಬೆಲ್ಟನ್ನು ಎಳೆದ ಎಳೆತಕ್ಕೇ ಹೀಗಾಗಿದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಬಲಬದಿಯ ಬೆಲ್ಟು ಸಮತಟ್ಟಾದ ರಸ್ತೆಯಲ್ಲೂ ಒಮ್ಮೊಮ್ಮೆ ಕಚ್ಚಿಕೊಂಡು, ಅವ್ವನಿಗೆ ಮುಂದಕ್ಕೆ ಬಾಗಲು ಬಿಡುವುದಿಲ್ಲ. ಎಡಬದಿಯದು ನಾನು ಎಷ್ಟು ಜೋರಾಗಿ ಬ್ರೇಕ್ ಹಾಕಿದರೂ ಕಚ್ಚಿಕೊಳ್ಳುವುದೇ ಇಲ್ಲ. ಬೆಲ್ಟು ಸುತ್ತಿಕೊಳ್ಳುವ ಎರಡೂ ರೀಲುಗಳನ್ನು ರೋಲ್ ಬಾರಿಗೆ, ಅಂದರೆ ಗಾಡಿ ಮಗುಚಿದಾಗ ತಲೆ ಕಾಯಲೆಂದು ಸೀಟಿನ ಮೇಲೆ ಕಮಾನಿನಂತೆ ಹಾಕುವ ಕೊಳವೆಗೆ, ಪಟ್ಟಿ ಬೆಸೆದು ಸಿಕ್ಕಿಸಿದ್ದಾರೆ.

ನನ್ನ ಪ್ರಶ್ನೆ ಇಷ್ಟು: ದಪ್ಪ ವಾಶರ್ ಹಾಕಿಸಿ, ಬಿರುಕಿಗೆ ವೆಲ್ಡಿಂಗ್ ಮಾಡಿಸಿ, ಹೊಸ ಬೆಲ್ಟು ಕೊಂಡರೆ ಸಾಕೇ, ಅಥವಾ ಇಡೀ ವ್ಯವಸ್ಥೆಯನ್ನೇ ಬೇರೆ ರೀತಿ ಯೋಚಿಸಬೇಕೇ? ಈ ಕೆಲಸದ ಒಳಹೊರಗು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ಮುಳಶಿ ದಾರಿಗ, ಪುಣೆ

ನನ್ನ ಹಳೆಯ ಜಿಪ್ಸಿಯಲ್ಲೂ ಹಿಂದೆ ಅಡ್ಡ ಬೆಂಚುಗಳೇ ಇವೆ, ಬೆಲ್ಟಿಲ್ಲ. ನಾವು ಕಾಡುದಾರಿಯಲ್ಲಿ ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವವರು. ಅಲ್ಲಿ ಬೆಲ್ಟು ಯಾಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ಆ ಕಾಡುದಾರಿಗೆ ತಲುಪಲು ಹೆದ್ದಾರಿಯಲ್ಲಿ 80ರಲ್ಲಿ ಹೋಗುತ್ತೇವೆ ಎಂಬುದನ್ನು ನಿಮ್ಮ ಬರಹ ಓದಿದ ಮೇಲೆ ಗಮನಿಸಿದೆ. ಹೊಸ ಬೆಲ್ಟಿನ ಕಿಟ್ಟುಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಕುರ್ಲಾದ ಹಳೇ ಬಿಡಿಭಾಗಗಳ ಅಂಗಡಿಗಳಲ್ಲೂ ಸಿಗುತ್ತವೆ. ಯಾವ ಬೆಲ್ಟು ಒಳ್ಳೆಯದೆಂದು ಯಾರಾದರೂ ಹೇಳಿದರೆ ನಾನೂ ನನ್ನ ಬೆಂಚುಗಳಿಗೆ ಹಾಕಿಸುತ್ತೇನೆ.


ಭೋಸರಿ ಜಿಗ್ ಶಾಪ್, ಪುಣೆ

ಔಂಧ್‌ವಾಸಿಯವರೇ, ನಾನು 22 ವರ್ಷಗಳಿಂದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಸೀಟಿನ ಚೌಕಟ್ಟುಗಳ ಕೆಲಸ ಮಾಡುತ್ತಿದ್ದೇನೆ. ಊರು ಗದಗ ಕಡೆಯದು. ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ, ಏಕೆಂದರೆ ಎಲ್ಲರೂ ‘ಯಾವ ಬೆಲ್ಟು’ ಎಂದು ಕೇಳುತ್ತಾರೆಯೇ ಹೊರತು ‘ಬೆಲ್ಟಿನ ಇನ್ನೊಂದು ತುದಿ ಯಾವುದನ್ನು ಹಿಡಿದುಕೊಂಡಿದೆ’ ಎಂದು ಕೇಳುವುದಿಲ್ಲ. ಬೆಲ್ಟಿನ ಪಟ್ಟಿ ಹರಿದುಹೋಗುವುದು ಬಹಳ ಅಪರೂಪ. ನಿಯಮದ ಪ್ರಕಾರ ಆ ಪಾಲಿಯೆಸ್ಟರ್ ಪಟ್ಟಿ 1,470 ಡೆಕಾನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಎಳೆತವನ್ನಾದರೂ ತಾಳಬೇಕು. ಕಿತ್ತು ಬರುವುದು ಅದರ ಬೇರು.

ಒಂದು ಸರಳ ಲೆಕ್ಕ ಮಾಡೋಣ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಗಾಡಿ ಎದುರಿಗಿದ್ದುದಕ್ಕೆ ಬಡಿದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. 65 ಕಿಲೋ ತೂಕದ ದೇಹವನ್ನು ಅಷ್ಟರೊಳಗೆ ನಿಲ್ಲಿಸಲು ಸರಾಸರಿ 9,000 ನ್ಯೂಟನ್ ಬಲ ಬೇಕು, ಅಂದರೆ ಸುಮಾರು 920 ಕಿಲೋ ಭಾರ. ಇದು ಸರಾಸರಿ, ಗರಿಷ್ಠ ಕ್ಷಣದಲ್ಲಿ ಇನ್ನೂ ಹೆಚ್ಚಿರುತ್ತದೆ. ಈ ಭಾರದ ದೊಡ್ಡ ಪಾಲು ಬೆಲ್ಟಿನ ಮೂಲಕ ಹಾದು ಕೊನೆಗೆ ನೀವು ಹೇಳಿದ ಆ ವಾಶರುಗಳ ಮೇಲೆ ಬೀಳುತ್ತದೆ. 24 ಮಿಲಿಮೀಟರ್ ಅಗಲದ ವಾಶರಿನ ವಿಸ್ತೀರ್ಣದಲ್ಲಿ ನಡುವಿನ ತೂತನ್ನು ಕಳೆದರೆ ಉಳಿಯುವುದು ಸುಮಾರು 3 ಚದರ ಸೆಂಟಿಮೀಟರ್. ಮೋಟರ್ ರೇಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಗಳಲ್ಲಿ ತಗಡಿನ ಹಿಂದೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ತಟ್ಟೆ ಇರಬೇಕೆಂದು ಹೇಳುತ್ತದೆ. ನಿಮ್ಮಲ್ಲಿರುವುದು ಅದರ ಹನ್ನೆರಡನೇ ಒಂದು ಪಾಲಿನಷ್ಟು. ಅಷ್ಟು ಚಿಕ್ಕ ವಾಶರು 1 ಮಿಲಿಮೀಟರ್ ತಗಡಿನೊಳಗಿಂದ, ಹಪ್ಪಳದಲ್ಲಿ ಬೆರಳು ತೂರಿದ ಹಾಗೆ ಹೊರಬರುತ್ತದೆ. ನೀವು ನೋಡಿದ ಉಬ್ಬು ಮತ್ತು ಬಿರುಕು ಅದರ ಆರಂಭ.

ಕಾರ್ಖಾನೆಯ ಗಾಡಿಗೆ ಇರುವ ಪರೀಕ್ಷೆ ಎಷ್ಟು ಕಠಿಣವೆಂದು ತಿಳಿದರೆ ಗ್ಯಾರೇಜಿನ ಕೆಲಸವನ್ನು ಎಲ್ಲಿಡಬೇಕೆಂಬುದು ಅರ್ಥವಾಗುತ್ತದೆ. ಬೆಲ್ಟಿನ ಆಂಕರುಗಳಿಗೆ, ಅಂದರೆ ಬೆಲ್ಟನ್ನು ಗಾಡಿಗೆ ಬಿಗಿಯುವ ಬಿಂದುಗಳಿಗೆ, ಸಂಬಂಧಿಸಿದ ವಿಶ್ವಸಂಸ್ಥೆಯ 14ನೇ ನಿಯಮಾವಳಿಯ ಪ್ರಕಾರ, ಕಾರಿನ ಮೂರು ಬಿಂದುವಿನ ಬೆಲ್ಟಿನಲ್ಲಿ ಭುಜದ ಭಾಗಕ್ಕೆ 1,350 ಡೆಕಾನ್ಯೂಟನ್, ಸೊಂಟದ ಭಾಗಕ್ಕೆ ಇನ್ನೊಂದು 1,350 ಡೆಕಾನ್ಯೂಟನ್ ಬಲವನ್ನು ಒಟ್ಟಿಗೆ ಹಾಕಿ ಎಳೆಯುತ್ತಾರೆ, ಅದೂ ಒಂದು ಸಾಲಿನ ಎಲ್ಲ ಆಸನಗಳನ್ನೂ ಏಕಕಾಲಕ್ಕೆ. ಇಬ್ಬರು ಕೂರುವ ಸೀಟಿಗೆ ಅದು ಐದೂವರೆ ಟನ್ನಿನಷ್ಟಾಗುತ್ತದೆ. ಬೆಲ್ಟಿನ ಆಂಕರ್ ಸೀಟಿನ ಚೌಕಟ್ಟಿನ ಮೇಲೆಯೇ ಇದ್ದರೆ ಸೀಟಿನ ತೂಕದ 20 ಪಟ್ಟು ಬಲವನ್ನೂ ಅದಕ್ಕೆ ಸೇರಿಸುತ್ತಾರೆ. ಇಂಥ ಪರೀಕ್ಷೆಗಳನ್ನು ನಮ್ಮ ಪುಣೆಯ ಕೊತ್ರೂಡ್ ಬೆಟ್ಟದ ಮೇಲಿರುವ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ವಾಹನ ತಯಾರಕರಿಗಾಗಿ ಮಾಡಿಕೊಡುತ್ತದೆ. ನಾನು ಎಷ್ಟೇ ಗಟ್ಟಿಯಾಗಿ ಬೆಸೆದುಕೊಟ್ಟರೂ ನನ್ನ ಅಂಗಡಿಯಲ್ಲಿ ಆ ಎಳೆತವನ್ನು ಹಾಕಿ ನೋಡುವ ಯಂತ್ರವಿಲ್ಲ. ‘ಕಂಪನಿಯಷ್ಟೇ ಗಟ್ಟಿ’ ಎಂದು ಯಾವ ಫ್ಯಾಬ್ರಿಕೇಟರ್ ಹೇಳಿದರೂ ಅವರು ಎಳೆದು ನೋಡಿದ್ದಾರೆಯೇ ಎಂದು ಕೇಳಿ.

ಈಗ ನಿಮ್ಮ ರೀಲುಗಳ ವಿಚಾರ. ಬಲಬದಿಯದು ಸುಮ್ಮನೆ ಕಚ್ಚುವುದು, ಎಡಬದಿಯದು ಎಂದೂ ಕಚ್ಚದಿರುವುದು, ಎರಡೂ ಒಂದೇ ತಪ್ಪಿನ ಎರಡು ಮುಖ ಇರಬಹುದು. ರೀಲಿನೊಳಗೆ ಒಂದು ಪುಟ್ಟ ಉಕ್ಕಿನ ಗುಂಡು, ಅಥವಾ ಕೆಲವು ಮಾದರಿಗಳಲ್ಲಿ ಒಂದು ಲೋಲಕ ಇರುತ್ತದೆ. ಗಾಡಿ ತಟ್ಟನೆ ನಿಧಾನವಾದಾಗ ಅಥವಾ ವಾಲಿದಾಗ ಗುಂಡು ತನ್ನ ಬಟ್ಟಲಿನಿಂದ ಮೇಲೇರಿ ಒಂದು ಸನ್ನೆಯನ್ನು ಒತ್ತುತ್ತದೆ, ಅದು ಹಲ್ಲುಚಕ್ರವನ್ನು ಹಿಡಿಯುತ್ತದೆ. ಆ ಬಟ್ಟಲು ಸರಿಯಾಗಿ ಮಟ್ಟದಲ್ಲಿ ಇದ್ದರೆ ಮಾತ್ರ ಈ ಏರ್ಪಾಡು ಕೆಲಸ ಮಾಡುತ್ತದೆ. ಬೆಲ್ಟುಗಳಿಗೆ ಸಂಬಂಧಿಸಿದ 16ನೇ ನಿಯಮಾವಳಿಯ ಪ್ರಕಾರ ಕಾರಿನ ಸಾಮಾನ್ಯ ರೀಲು 12 ಡಿಗ್ರಿಯವರೆಗಿನ ವಾಲುವಿಕೆಗೆ ಕಚ್ಚಬಾರದು, 27 ಡಿಗ್ರಿ ಮೀರಿದರೆ ಕಚ್ಚಲೇಬೇಕು. ಒಂದು ಕಾರಿನ ಕಂಬಕ್ಕೆಂದು ನಿರ್ದಿಷ್ಟ ಕೋನದಲ್ಲಿ ತಯಾರಾದ ರೀಲನ್ನು ನಿಮ್ಮ ಓರೆ ರೋಲ್ ಬಾರಿಗೆ ಕಣ್ಣಳತೆಯಲ್ಲಿ ಸಿಕ್ಕಿಸಿದರೆ, ಒಂದು ಬದಿಯ ಗುಂಡು ಆಗಲೇ ಏರಿ ಕುಳಿತಿರುತ್ತದೆ, ಇನ್ನೊಂದು ಬದಿಯದು ಮುಂದಕ್ಕೆ ಉರುಳಲಾಗದಂತೆ ಹಿಂದಕ್ಕೆ ಒರಗಿರುತ್ತದೆ. ಎಡಬದಿಯದರ ಯಂತ್ರವೇ ಕೆಟ್ಟಿರುವ ಸಾಧ್ಯತೆಯೂ ಇದೆ. ಪಟ್ಟಿಯನ್ನು ಕೈಯಿಂದ ರಪ್ಪನೆ ಎಳೆದು ನೋಡಿ. ಆಗಲೂ ಕಚ್ಚದಿದ್ದರೆ ಅದು ಬೆಲ್ಟೇ ಅಲ್ಲ, ಅಲಂಕಾರದ ಪಟ್ಟಿ.

ಬಿರುಕಿಗೆ ವೆಲ್ಡಿಂಗ್ ಮಾಡಿಸಬೇಡಿ. ತುಕ್ಕು ಹಿಡಿದ ತೆಳು ತಗಡನ್ನು ಕಾಯಿಸಿದರೆ ಅದರ ಸುತ್ತಲಿನ ಭಾಗ ಇನ್ನಷ್ಟು ಪೆಡಸಾಗುತ್ತದೆ. ಸೀಟನ್ನು ಬಿಚ್ಚುವ ತನಕ ಅಲ್ಲಿ ಯಾರನ್ನೂ ಕೂರಿಸಬೇಡಿ.


ಔಂಧ್‌ವಾಸಿ, ಪುಣೆ

ಸರ್, ನೀವು ಹೇಳಿದಂತೆ ಎಳೆದು ನೋಡಿದೆ. ಎಡಬದಿಯದು ಹತ್ತು ಸಲದಲ್ಲಿ ಒಂದು ಸಲವೂ ಕಚ್ಚಲಿಲ್ಲ. ನಾಲ್ಕು ವರ್ಷ ನನ್ನ ಮಗ ಅದನ್ನು ಕಟ್ಟಿಕೊಂಡು ಕುಳಿತಿದ್ದಾನೆ, ಮತ್ತು ಪ್ರತಿ ಸಲವೂ ‘ಬೆಲ್ಟ್ ಹಾಕಿದೆಯೇನೋ’ ಎಂದು ಕೇಳಿ, ‘ಹೂಂ’ ಎಂದ ಮೇಲೆಯೇ ನಾನು ಗಾಡಿ ತೆಗೆದಿದ್ದೇನೆ.

ಒಂದು ಅನುಮಾನ ಉಳಿದಿದೆ. ನೆಲದ ತಗಡು ಬೇಡವೆಂದಾದರೆ, ಬೆಲ್ಟಿನ ಕೆಳತುದಿಯನ್ನು ನೇರವಾಗಿ ಚಾಸಿಗೆ ಬಿಗಿದರೆ ಆಗದೇ? ಅದಕ್ಕಿಂತ ಗಟ್ಟಿಯಾದದ್ದು ಗಾಡಿಯಲ್ಲಿ ಬೇರೆ ಇಲ್ಲವಲ್ಲ.


ಭೋಸರಿ ಜಿಗ್ ಶಾಪ್, ಪುಣೆ

ಈ ಪ್ರಶ್ನೆ ಬಹಳ ಜನರಿಗೆ ಬರುತ್ತದೆ. ಚಾಸಿ ಗಟ್ಟಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಗಾಡಿಗಳಲ್ಲಿ ಮೇಲಿನ ಬಾಡಿ ಚಾಸಿಯ ಮೇಲೆ ರಬ್ಬರ್ ಬುಶ್‌ಗಳ ಆಸರೆಯಲ್ಲಿ ಕುಳಿತಿರುತ್ತದೆ. ಕಲ್ಲುದಾರಿಯಲ್ಲಿ ಚಾಸಿ ತಿರುಚಿಕೊಂಡಾಗಲೂ ಡಿಕ್ಕಿಯಲ್ಲೂ ಎರಡೂ ಒಂದಕ್ಕೊಂದು ಸರಿದಾಡುತ್ತವೆ. ಸೀಟು ಬಾಡಿಯ ಮೇಲಿದ್ದು ಬೆಲ್ಟು ಚಾಸಿಗಿದ್ದರೆ, ಡಿಕ್ಕಿಯಲ್ಲಿ ಬಾಡಿ ಮುಂದಕ್ಕೆ ಜಾರಿದಾಗ ಸೀಟು ಮನುಷ್ಯನನ್ನು ಹಿಂದಿನಿಂದ ತಳ್ಳುತ್ತದೆ, ಬೆಲ್ಟು ಮುಂದಿನಿಂದ ಹಿಡಿಯುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಹೊಟ್ಟೆ ಮತ್ತು ಎದೆ. ಆದ್ದರಿಂದ ಸೀಟು ಯಾವುದನ್ನು ಹಿಡಿದಿದೆಯೋ ಬೆಲ್ಟೂ ಅದನ್ನೇ ಹಿಡಿದಿರಬೇಕು.

ಕೋನಗಳನ್ನೂ ಮರೆಯಬೇಡಿ. ಸೊಂಟದ ಪಟ್ಟಿ ತೊಡೆಯ ಮೇಲ್ಭಾಗದಿಂದ ಕೆಳಕ್ಕೂ ಹಿಂದಕ್ಕೂ ಓರೆಯಾಗಿ ಇಳಿಯಬೇಕು. ಹಿಂದಿನ ಸೀಟಿಗೆ ನೆಲಮಟ್ಟದಿಂದ 30ರಿಂದ 80 ಡಿಗ್ರಿಯೊಳಗೆ ಎಂಬುದು ನಿಯಮಾವಳಿಯ ಮಿತಿ. ಬೋಲ್ಟು ತೀರಾ ಹಿಂದಿದ್ದು ಪಟ್ಟಿ ಅಡ್ಡಡ್ಡ ಹೋದರೆ ದೇಹ ಪಟ್ಟಿಯ ಕೆಳಗಿನಿಂದ ಮುಂದಕ್ಕೆ ನುಸುಳುತ್ತದೆ, ಪಟ್ಟಿ ಸೊಂಟದ ಮೂಳೆಯನ್ನು ಬಿಟ್ಟು ಹೊಟ್ಟೆಗೇರುತ್ತದೆ. ಮೇಲಿನ ಬಿಂದು ಭುಜಕ್ಕಿಂತ ಕೆಳಗಿರಬಾರದು. ಇದ್ದರೆ ಪಟ್ಟಿ ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯ ಮೇಲೆ ಭಾರ ಹಾಕುತ್ತದೆ. ಬಟ್ಟೆ ಟಪದ ಗಾಡಿಯಲ್ಲಿ ಹಿಂದಿನ ಕಂಬವೇ ಇಲ್ಲವಾದ್ದರಿಂದ ನಿಜವಾದ ತೊಡಕು ಇರುವುದು ಈ ಮೇಲಿನ ಬಿಂದುವಿನಲ್ಲೇ. ಅಂದಕ್ಕಾಗಿ ಹಾಕುವ ತೆಳು ಕೊಳವೆಯ ರೋಲ್ ಬಾರಿಗೂ ಆರು ಕಡೆ ನೆಲೆಯೂರಿದ, ಕೊಳವೆಗಳ ಪಂಜರವಾದ ನಿಜವಾದ ಕೇಜಿಗೂ ಬಹಳ ವ್ಯತ್ಯಾಸವಿದೆ.

ಮುಳಶಿಯವರೇ, ನೀವು ಅಡ್ಡ ಬೆಂಚಿನ ಬಗ್ಗೆ ಕೇಳಿದ್ದಿರಿ. ಅಡ್ಡವಾಗಿ ಕೂತವನಿಗೆ ಭುಜದ ಪಟ್ಟಿ ಹಾಕುವುದು ಅಪಾಯ, ಏಕೆಂದರೆ ಎದುರಿನ ಡಿಕ್ಕಿಯಲ್ಲಿ ದೇಹ ಪಕ್ಕಕ್ಕೆ ಹೋಗುತ್ತದೆ ಮತ್ತು ಪಟ್ಟಿ ನೇರವಾಗಿ ಕುತ್ತಿಗೆಗೆ ಬರುತ್ತದೆ. ಸೊಂಟದ ಪಟ್ಟಿಯೊಂದೇ ಇದ್ದರೆ ಗಾಡಿ ಮಗುಚಿದಾಗ ಹೊರಗೆ ಎಸೆಯಲ್ಪಡದಂತೆ ಅದು ತಡೆಯುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು. ನಮ್ಮ ಬೆನ್ನು, ಕುತ್ತಿಗೆಗಳು ಪಕ್ಕದಿಂದ ಬರುವ ಆ ಹೊಡೆತವನ್ನು ತಾಳುವಂಥವಲ್ಲ. ಅಡ್ಡ ಬೆಂಚಿಗೆ ಎಂಥ ಬೆಲ್ಟು ಕಟ್ಟಿದರೂ ಅದು ಹೆದ್ದಾರಿಯ ಆಸನವಾಗುವುದಿಲ್ಲ.


ಮಾಟುಂಗದ ಸರ್ವೇಯರ್, ಮುಂಬೈ

ವಾಹನ ವಿಮೆಯ ಸರ್ವೇಯರ್ ಆಗಿ 30 ವರ್ಷ ಕೆಲಸ ಮಾಡಿ ನಿವೃತ್ತನಾಗಿರುವ ನಾನು ಕಾನೂನಿನ ಬದಿಯನ್ನು ಹೇಳಬಯಸುತ್ತೇನೆ, ಏಕೆಂದರೆ ಇದನ್ನು ಯಾರೂ ಪೂರ್ತಿಯಾಗಿ ಓದುವುದಿಲ್ಲ.

ಬೆಲ್ಟು ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 1,000 ರೂಪಾಯಿ ದಂಡ. ಈ ಕಲಮು 2019ರ ತಿದ್ದುಪಡಿಯಲ್ಲಿ ಬಂದದ್ದು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕರೆದೊಯ್ದರೂ ಅದೇ ದಂಡ. ಹಿಂದಿನ ಸೀಟಿಗೆ ಈ ಕಡ್ಡಾಯ ಹೊಸದೇನಲ್ಲ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮವು ‘ಮುಂದಕ್ಕೆ ಮುಖಮಾಡಿದ ಹಿಂದಿನ ಆಸನ’ಗಳಲ್ಲಿ ಕೂತವರೂ ಬೆಲ್ಟು ಕಟ್ಟಬೇಕೆನ್ನುತ್ತದೆ. ಅಡ್ಡ ಬೆಂಚುಗಳು ಆ ಮಾತಿನ ಹೊರಗೆ ಉಳಿದಿವೆ. ಹಾಗೆಂದು ಅಲ್ಲಿ ಕೂರುವುದು ಸುರಕ್ಷಿತವೆಂದು ಯಾರೂ ಓದಿಕೊಳ್ಳಬಾರದು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿಯವರೂ ಅವರ ಸಹಪ್ರಯಾಣಿಕರೊಬ್ಬರೂ ತೀರಿಕೊಂಡಾಗ, ಇಬ್ಬರೂ ಹಿಂದಿನ ಸೀಟಿನಲ್ಲಿದ್ದು ಬೆಲ್ಟು ಕಟ್ಟಿರಲಿಲ್ಲ ಎಂದು ಪೊಲೀಸರು ತಿಳಿಸಿದರು. ಅದೇ ವರ್ಷದ ನವೆಂಬರ್ 1ರಿಂದ ಮುಂಬೈ ಸಂಚಾರ ಪೊಲೀಸರು ಕಾರಿನ ಎಲ್ಲ ಪ್ರಯಾಣಿಕರಿಗೂ ಬೆಲ್ಟು ಕಡ್ಡಾಯವೆಂದು ಪ್ರಕಟಿಸಿದರು.

ಔಂಧ್‌ವಾಸಿಯವರ ಸಮಸ್ಯೆ ಇದಕ್ಕಿಂತ ಭಿನ್ನ. ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆಸನ ಸಾಮರ್ಥ್ಯ ಎಂಬುದು ನೋಂದಣಿ ಪತ್ರದಲ್ಲಿರುವ ವಿವರ. ನಿಮ್ಮ ಪತ್ರದಲ್ಲಿ ಎಷ್ಟಿದೆ? ಆರು ಇದ್ದು ಗಾಡಿಯಲ್ಲಿ ನಾಲ್ಕೇ ಆಸನಗಳಿದ್ದರೆ, ಆ ಮಾರ್ಪಾಡು ಮೊದಲ ದಿನದಿಂದಲೇ ಲೆಕ್ಕಕ್ಕೆ ಸಿಗದೆ ನಡೆದಿದೆ ಎಂದರ್ಥ. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ಹೋಲಿಸುವುದು ಪತ್ರವನ್ನೂ ಗಾಡಿಯನ್ನೂ. ಅಂಥ ಎಷ್ಟೋ ಹೋಲಿಕೆಗಳನ್ನು ನಾನೇ ಬರೆದಿದ್ದೇನೆ, ಮತ್ತು ಆ ವರದಿ ಓದುವ ಕುಟುಂಬದ ಎದುರು ಕುಳಿತಿದ್ದೇನೆ. ವಿಮೆ ಸಿಗದಿರುವುದು ಅವರ ದುಃಖದಲ್ಲಿ ಚಿಕ್ಕದೇ, ಆದರೂ ಅದು ಇನ್ನೊಂದು ಏಟು.


ಔಂಧ್‌ವಾಸಿ, ಪುಣೆ

ನೋಂದಣಿ ಪತ್ರದಲ್ಲಿ ಆರು ಎಂದೇ ಇದೆ, ಸರ್. ಕೊಂಡಾಗ ಎಂಜಿನ್ ನಂಬರು, ಚಾಸಿ ನಂಬರು ಹೋಲಿಸಿದೆನೇ ಹೊರತು ಈ ಸಾಲಿನ ಮೇಲೆ ಕಣ್ಣು ಹಾಯಿಸಲೂ ಇಲ್ಲ.


ವಾಸ್ಕೋ ಕಡಲತೀರ, ಗೋವಾ

ತುಕ್ಕಿನ ಬಗ್ಗೆ ಎರಡು ಮಾತು. ಇಲ್ಲಿ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಬೋಲ್ಟಿನ ತಲೆ ಹೊಳೆಯುತ್ತಿದ್ದರೂ ತಗಡಿನ ಅಡಿಯ ಭಾಗ ಸಣ್ಣಗಾಗಿರುತ್ತದೆ. ಒಂದನ್ನು ಬಿಚ್ಚಿ ನೋಡದೆ ನಂಬಬೇಡಿ. ಚೋರ್ಲಾ ಘಾಟಿನ ಕೆಸರು, ಬೀಚಿನ ಮರಳು ರೀಲಿನೊಳಗೆ ಸೇರಿದರೂ ಅದು ಕಚ್ಚುವುದನ್ನು ಮರೆಯುತ್ತದೆ, ಮತ್ತು ಅದರೊಳಗೆ ಎಣ್ಣೆ ಬಿಟ್ಟು ಸರಿಪಡಿಸುವ ವಸ್ತು ಅದಲ್ಲ, ಬದಲಿಸುವ ವಸ್ತು. ಪಟ್ಟಿಯನ್ನು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಿಂದ ಮಾತ್ರ ತೊಳೆಯಿರಿ. ಬ್ಲೀಚ್ ಹಾಕಿದರೆ ನೂಲು ಸತ್ತುಹೋಗುತ್ತದೆ. ಬಟ್ಟೆ ಟಪ ತೆಗೆದು ಬಿಸಿಲಿಗೆ ನಿಲ್ಲಿಸುವ ಗಾಡಿಯಲ್ಲಿ ಬಣ್ಣ ಮಾಸಿ ಅಂಚು ಜುಂಗುಬಿಟ್ಟ ಪಟ್ಟಿಯನ್ನೂ ಬದಲಿಸಬೇಕು.

ಗುಜರಿ ಬೆಲ್ಟಿನ ಬಗ್ಗೆ ಮುಳಶಿಯವರು ಕೇಳಿದ್ದಾರೆ. ಗುಜರಿಗೆ ಬರುವ ಕಾರುಗಳಲ್ಲಿ ಎಷ್ಟೋ ಅಪಘಾತದವು. ಒಮ್ಮೆ ಜೋರಾಗಿ ಎಳೆತ ತಿಂದ ಬೆಲ್ಟು ಮೇಲುನೋಟಕ್ಕೆ ಚೆನ್ನಾಗಿಯೇ ಕಾಣಬಹುದು, ಆದರೆ ಅದರ ಕೆಲಸ ಅಲ್ಲಿಗೆ ಮುಗಿದಿರುತ್ತದೆ.


ಕಾತ್ರಜ್ ರ‍್ಯಾಲಿ, ಪುಣೆ

ನಾನು ರ‍್ಯಾಲಿಗಳಲ್ಲಿ ಸಹಚಾಲಕನಾಗಿ ಕೂತವನು. ಹಿಂದಿನ ಸೀಟಿಗೆ ರೇಸಿಂಗ್‌ನ ನಾಲ್ಕು ಬಿಂದುವಿನ ಹಾರ್ನೆಸ್, ಅಂದರೆ ಎರಡೂ ಭುಜಗಳನ್ನೂ ಸೊಂಟವನ್ನೂ ಬಿಗಿಯುವ ಪಟ್ಟಿಗಳನ್ನು, ಹಾಕಿದರೆ ರೀಲಿನ ಗೋಜೇ ಇರುವುದಿಲ್ಲ ಮತ್ತು ಇಳಿಜಾರಿನಲ್ಲಿ ಕಚ್ಚುವ ಕಿರಿಕಿರಿಯೂ ಇರುವುದಿಲ್ಲ ಎಂದು ಸಲಹೆ ಕೊಡಲು ಬಂದೆ. ಆದರೆ ಮೇಲಿನ ಲೆಕ್ಕಗಳನ್ನು ಓದಿದ ಮೇಲೆ ಅದರ ಷರತ್ತುಗಳನ್ನೂ ಹೇಳಬೇಕು. ಭುಜದ ಪಟ್ಟಿಗಳು ಹಿಂದಕ್ಕೆ ಹೋಗುವಾಗ ಅಡ್ಡಗೆರೆಯಿಂದ 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು, 10 ಡಿಗ್ರಿಯೊಳಗಿದ್ದರೆ ಒಳ್ಳೆಯದು. ಜೀಪಿನ ಹಿಂದಿನ ಸೀಟಿನ ಬೆನ್ನಿಗೆ ಅಷ್ಟು ಜಾಗವೂ ಅಷ್ಟು ಗಟ್ಟಿಯಾದ ಅಡ್ಡಕೊಳವೆಯೂ ಇರುವುದಿಲ್ಲ. ಹಾರ್ನೆಸ್ ಬಿಗಿಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಆದರೆ ಆರು ಗಂಟೆಯ ಪ್ರಯಾಣದಲ್ಲಿ ಯಾವ ಅಜ್ಜಿಯೂ ಯಾವ ಮಗುವೂ ಅದನ್ನು ಬಿಗಿಯಾಗಿ ಇಟ್ಟುಕೊಳ್ಳುವುದಿಲ್ಲ. ಗಾಡಿ ಮಗುಚಿದಾಗ ಛಾವಣಿ ಕುಸಿದರೆ, ಹಾರ್ನೆಸ್ ಮನುಷ್ಯನನ್ನು ನೆಟ್ಟಗೆ ಹಿಡಿದಿಟ್ಟು ತಲೆಯನ್ನು ಅದರಡಿ ಸಿಕ್ಕಿಸುತ್ತದೆ. ಅದು ಪೂರ್ತಿ ಕೇಜ್, ಬಕೆಟ್ ಸೀಟ್, ಹೆಲ್ಮೆಟ್ ಇರುವಲ್ಲಿ ಬಳಸುವ ವಸ್ತು. ಮನೆಮಂದಿಯ ಗಾಡಿಗೆ ಬೇಡ.

ಇಳಿಜಾರಿನಲ್ಲಿ ಬೆಲ್ಟು ಕಚ್ಚುವುದರ ಬಗ್ಗೆ: ಐದು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿ ಹತ್ತಿರಹತ್ತಿರ 12 ಡಿಗ್ರಿ. ಎರಡು ಅಡಿಗೆ ಒಂದು ಅಡಿ ಏರಿದರೆ ಅದು 27 ಡಿಗ್ರಿಯ ಸಮೀಪ. ಕಡಿದಾದ ಇಳಿಜಾರಿನಲ್ಲಿ ಬೆಲ್ಟು ಕಚ್ಚಿಕೊಂಡರೆ ಅದು ಕೆಟ್ಟಿಲ್ಲ, ನಿಯಮದಂತೆಯೇ ನಡೆಯುತ್ತಿದೆ. ಇಳಿಯುವ ಮೊದಲು ಸಮತಟ್ಟಿನಲ್ಲಿ ನಿಲ್ಲಿಸಿ, ಎಲ್ಲರೂ ಹಿಂದಕ್ಕೆ ಒರಗಿ ಕೂತು ಬೆಲ್ಟನ್ನು ಸರಿಪಡಿಸಿಕೊಂಡರೆ ಅರ್ಧ ಕಿರಿಕಿರಿ ಹೋಗುತ್ತದೆ.


ಸಿಂಹಗಡ ರಸ್ತೆಯ ಫಿಸಿಯೋ, ಪುಣೆ

ಮಗುವಿನ ಎತ್ತರ ಎಷ್ಟೆಂದು ಯಾರೂ ಕೇಳಲಿಲ್ಲ. 9 ವರ್ಷದ ಮಕ್ಕಳು ಸಾಮಾನ್ಯವಾಗಿ ದೊಡ್ಡವರ ಬೆಲ್ಟಿಗೆ ಇನ್ನೂ ಚಿಕ್ಕವರು. ಭುಜದ ಪಟ್ಟಿ ಕೊರಳೆಲುಬಿನ ನಡುವೆ ಹಾದು ಹೋಗಬೇಕು, ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆ ಸೇರುವಲ್ಲಿ ಕೂರಬೇಕು. ಮಗು ಕುತ್ತಿಗೆಗೆ ಉಜ್ಜುತ್ತದೆಂದು ಭುಜದ ಪಟ್ಟಿಯನ್ನು ಕಂಕುಳಡಿ ಹಾಕಿಕೊಂಡರೆ ಸೊಂಟದ ಪಟ್ಟಿಯೊಂದೇ ಉಳಿದ ಹಾಗೆ. ಆಗ ದೇಹ ಆ ಪಟ್ಟಿಯ ಮೇಲೆ ಚಾಕುವಿನಂತೆ ಮಡಚಿಕೊಂಡು ಕರುಳಿಗೂ ಸೊಂಟದ ಬೆನ್ನೆಲುಬಿಗೂ ಒಟ್ಟಿಗೆ ಏಟು ಬೀಳುತ್ತದೆ. ಬೂಸ್ಟರ್ ಸೀಟು ಮಗುವನ್ನು ಎತ್ತರಿಸಿ ಪಟ್ಟಿಯನ್ನು ಅದರ ಜಾಗಕ್ಕೆ ತರುತ್ತದೆ. ಆದರೆ ಬೂಸ್ಟರನ್ನು ಮೂರು ಬಿಂದುವಿನ ಬೆಲ್ಟಿನ ಜೊತೆ ಮಾತ್ರ ಬಳಸಬಹುದು.


ಮುಳಶಿ ದಾರಿಗ, ಪುಣೆ

ಹಾಗಾದರೆ ಹಳೆಯ ಗಾಡಿ ಇಟ್ಟುಕೊಂಡವರು ಏನು ಮಾಡಬೇಕು? ಎಲ್ಲರೂ ಹೊಸದನ್ನು ಕೊಳ್ಳಲಾದೀತೇ?


ಭೋಸರಿ ಜಿಗ್ ಶಾಪ್, ಪುಣೆ

ಕೊಳ್ಳಲಾಗದು, ನನಗೂ ಆಗದು. ಈಗಿನ ಗಾಡಿಗಳ ವಿಷಯ ಬೇರೆ. 2020ರ ಅಕ್ಟೋಬರಿನಲ್ಲಿ ಬಂದ ಮಹೀಂದ್ರಾದ ಹೊಸ ಥಾರಿನಲ್ಲಿ ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟುಗಳು, ಮೂರು ಬಿಂದುವಿನ ಬೆಲ್ಟುಗಳು, ಮಕ್ಕಳ ಸೀಟಿಗೆ ಐಸೋಫಿಕ್ಸ್ ಕೊಂಡಿಗಳು ಬಂದವು. ಅದೇ ವರ್ಷದ ನವೆಂಬರಿನಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಸಿಕ್ಕಿತು. 2023ರಲ್ಲಿ ಬಂದ ಮಾರುತಿಯ ಜಿಮ್ನಿಯಲ್ಲೂ ನಾಲ್ಕು ಆಸನಗಳಿಗೂ ಬೆಲ್ಟು ತಯಾರಿಕೆಯಲ್ಲೇ ಇದೆ. ಹಳೆಯ ಗಾಡಿಯವರು ಮೊದಲು ಕೇಳಬೇಕಾದ್ದು, ತಮ್ಮದೇ ಮಾದರಿಗೆ ತಯಾರಕರೇ ಒದಗಿಸಿದ ಮುಂದು ಮುಖದ ಸೀಟಿನ ವ್ಯವಸ್ಥೆ ಇತ್ತೇ ಎಂಬುದು. ಇದ್ದರೆ ಅದರ ಚೌಕಟ್ಟು, ಆಂಕರ್, ಬಲವರ್ಧನೆಯ ತಟ್ಟೆ ಎಲ್ಲವನ್ನೂ ಒಂದಾಗಿ, ಸಾರಿಗೆ ಕಚೇರಿಯ ಒಪ್ಪಿಗೆಯೊಂದಿಗೆ ಹಾಕಿಸಿ. ಇಲ್ಲವಾದರೆ ಹಿಂಭಾಗವನ್ನು ಸಾಮಾನಿಗೆ ಬಿಟ್ಟು, ಗಾಡಿಯನ್ನು ಇಬ್ಬರ ಗಾಡಿಯಂತೆ ಬಳಸಿ. ನನ್ನ ಅಂಗಡಿಗೆ ಬಂದು ‘ಏನಾದರೂ ಮಾಡಿಕೊಡಿ’ ಎನ್ನುವವರಿಗೂ ನಾನು ಹೇಳುವುದು ಇದನ್ನೇ, ಮತ್ತು ಅದರಿಂದ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.


ಔಂಧ್‌ವಾಸಿ, ಪುಣೆ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಭೋಸರಿಯ ಸರ್ ಒಂದು ಭಾನುವಾರ ನಮ್ಮ ಮನೆಗೇ ಬಂದು ಗಾಡಿಯ ಕೆಳಗೆ ಮಲಗಿ ನೋಡಿದರು. ಎಡಬದಿಯ ಬೋಲ್ಟನ್ನು ಬಿಚ್ಚಲು ಸ್ಪ್ಯಾನರ್ ಹಾಕಿದಾಗ ನಟ್ ತಿರುಗುವ ಮೊದಲೇ ತಗಡು ಹರಿದು ವಾಶರಿನ ಸಮೇತ ಕೈಗೆ ಬಂತು. ರೀಲಿನ ಮುಚ್ಚಳ ತೆಗೆದರೆ ಎಡಬದಿಯದರಲ್ಲಿ ಗುಂಡೇ ಇರಲಿಲ್ಲ. ಯಾರೋ ಕಚ್ಚುವ ಕಿರಿಕಿರಿ ತಪ್ಪಿಸಲು ಬೇಕೆಂದೇ ತೆಗೆದಿರಬೇಕೆಂದು ಅವರು ಹೇಳಿದರು.

ನನ್ನ ಮಾದರಿಗೆ ತಯಾರಕರ ಕಡೆಯಿಂದ ಹೊಂದುವ ಮುಂದು ಮುಖದ ಸೀಟು ನನಗೆ ಸಿಗಲಿಲ್ಲ. ಆದ್ದರಿಂದ ಸೀಟು, ಬೆಲ್ಟು, ಪಟ್ಟಿ ಎಲ್ಲವನ್ನೂ ತೆಗೆಸಿ, ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ತಗಡು ಹಾಕಿಸಿದೆ. ಗಾಡಿಯ ಈಗಿನ ಸ್ಥಿತಿಯನ್ನು ವಿವರಿಸಿ ಸಾರಿಗೆ ಕಚೇರಿಗೂ ವಿಮೆಯವರಿಗೂ ಪತ್ರ ಕೊಟ್ಟಿದ್ದೇನೆ. ಮಾಟುಂಗದ ಸರ್ ಆ ಪತ್ರದ ಒಕ್ಕಣೆ ತಿದ್ದಿಕೊಟ್ಟರು, ಅವರಿಗೆ ಋಣಿ. ಈ ದೀಪಾವಳಿಗೆ ನಾವೆಲ್ಲ ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಬಂದೆವು. ಅವ್ವನಿಗೆ ರೈಲೇ ಹೆಚ್ಚು ಹಿಡಿಸಿತು. ಮಗನಿಗೆ ಬೇಸರವಾಯಿತು, ಅವನಿಗೆ ಹರಿದ ತಗಡಿನ ತುಂಡನ್ನು ತೋರಿಸಿ ಎಲ್ಲವನ್ನೂ ವಿವರಿಸಿದೆ. ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನೋಡಿದ.


ಮುಳಶಿ ದಾರಿಗ, ಪುಣೆ

ನಾನೂ ಹಿಂದಿನ ಬೆಂಚುಗಳನ್ನು ಮಡಚಿ ಕಟ್ಟಿಬಿಟ್ಟಿದ್ದೇನೆ. ಟ್ರೇಲಿನ ಆರಂಭದ ತನಕ ಉಳಿದವರು ಇನ್ನೊಂದು ಕಾರಿನಲ್ಲಿ ಬರುತ್ತಾರೆ. ಒಂದು ಕೇಳಲೇ? ನೀವು ತೆಗೆಸಿದ ಸೀಟು ಮತ್ತು ಬಲಬದಿಯ ಬೆಲ್ಟು ಇನ್ನೂ ಇದ್ದರೆ, ನಮ್ಮ ಗುಂಪಿನ ಒಬ್ಬರು ಕೊಳ್ಳಲು ತಯಾರಿದ್ದಾರೆ.


ಔಂಧ್‌ವಾಸಿ, ಪುಣೆ

ಸೀಟನ್ನು ಬೇಕಾದರೆ ಒಯ್ಯಿರಿ, ಹಣ ಬೇಡ. ಯಾರದಾದರೂ ಗ್ಯಾರೇಜಿನಲ್ಲಿ ಕೂರಲು ಆದೀತು, ಗಾಡಿಯಲ್ಲಿ ಮಾತ್ರ ಹಾಕುವುದಿಲ್ಲವೆಂದು ಅವರು ನನಗೆ ಮಾತು ಕೊಡಬೇಕು. ಬೆಲ್ಟುಗಳನ್ನು ಕೇಳಬೇಡಿ. ಎರಡನ್ನೂ ಬಕಲಿನ ಬಳಿ ಮತ್ತು ರೀಲಿನ ಬಳಿ ಕತ್ತರಿಸಿ, ಗುಜರಿಯವರು ಮತ್ತೆ ಹೊಲಿಯಲಾಗದಂತೆ ಗೇಣುಗೇಣು ತುಂಡು ಮಾಡಿಯೇ ಕಸಕ್ಕೆ ಹಾಕಿದೆ.